ಪುಟ್ಟ ಮಕ್ಕಳ ತರಗತಿಗೆ ಟ್ಯಾಬ್ ಬಂದಾಗ: ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ?

ಮೂರರಿಂದ ಆರು ವರ್ಷದ ಮಕ್ಕಳ ತರಗತಿಗಳಿಗೂ ಈಗ ದೊಡ್ಡ ಟಿವಿ, ಟ್ಯಾಬ್, ಕಲಿಕೆಯ ಆ್ಯಪ್‌ಗಳು ಬರುತ್ತಿವೆ. ಟೀಚರ್ ಕೈಗೆ ಒಂದು ಟ್ಯಾಬ್ ಕೊಟ್ಟು ‘ಇದನ್ನು ಬಳಸಿ’ ಅನ್ನುತ್ತಾರೆ. ಯಾವುದಕ್ಕೆ, ಹೇಗೆ, ಎಷ್ಟು ಹೊತ್ತು ಅಂತ ಕೂತು ವಿವರಿಸುವವರು ಕಡಿಮೆ. ಅಪ್ಪ ಅಮ್ಮಂದಿರಲ್ಲೂ ಎರಡು ಬಗೆಯ ಚಿಂತೆ ಇದೆ. ‘ನಮ್ಮ ಮಗು ಹಿಂದೆ ಬೀಳಬಾರದು’ ಅಂತ ಕೆಲವರು. ‘ಮನೆಯಲ್ಲಿ ಮೊಬೈಲ್ ಬಿಡಿಸೋದೇ ಕಷ್ಟ, ಶಾಲೆಯಲ್ಲೂ ಅದೇನಾ?’ ಅಂತ ಇನ್ನು ಕೆಲವರು.

ಎರಡೂ ಚಿಂತೆಗಳಿಗೆ ಕಾರಣ ಇದೆ. ಆದರೆ ಟ್ಯಾಬ್ ಒಳ್ಳೆಯದಾ ಕೆಟ್ಟದ್ದಾ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಈ ವಯಸ್ಸಿನ ಮಗು ಹೇಗೆ ಕಲಿಯುತ್ತದೆ ಅನ್ನುವುದರಿಂದ ಶುರು ಮಾಡಿದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಚಟುವಟಿಕೆ ಅಂದರೆ ಏನು?

ಶಿಶುವಿಹಾರದಲ್ಲಿ ಚಟುವಟಿಕೆ ಅಂದರೆ ಪಾಠದ ನಡುವಿನ ಬಿಡುವು ಅಲ್ಲ. ಚಟುವಟಿಕೆಯೇ ಪಾಠ. ಈ ಮಾತು ಹೊಸದೂ ಅಲ್ಲ. 1837ರಲ್ಲಿ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ಪುಟ್ಟ ಮಕ್ಕಳಿಗಾಗಿ ಆಟದ ಶಾಲೆ ತೆರೆದರು. 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’ ಅಂತ ಹೆಸರಿಟ್ಟರು. ಹಾಗಂದರೆ ಮಕ್ಕಳ ತೋಟ. ಅವರು ಮಕ್ಕಳ ಕೈಗೆ ಕೊಟ್ಟದ್ದು ಪುಸ್ತಕವನ್ನಲ್ಲ, ಉಣ್ಣೆಯ ಚೆಂಡು ಮತ್ತು ಮರದ ತುಂಡುಗಳನ್ನು. 1907ರಲ್ಲಿ ರೋಮ್ ನಗರದಲ್ಲಿ ಮಕ್ಕಳ ಮನೆ ಶುರು ಮಾಡಿದ ಮರಿಯಾ ಮಾಂಟೆಸ್ಸರಿ ವೈದ್ಯೆಯಾಗಿದ್ದವರು. ಅವರ ಸಾಮಾನುಗಳಲ್ಲಿ ಒಂದು ಜಾಣತನ ಇತ್ತು. ಮಗು ತಪ್ಪು ಮಾಡಿದರೆ ಸಾಮಾನೇ ಅದನ್ನು ತೋರಿಸಿಕೊಡುತ್ತಿತ್ತು. ದಪ್ಪ ಗೂಟ ಸಣ್ಣ ತೂತಿಗೆ ಹೋಗುವುದಿಲ್ಲ. ‘ತಪ್ಪು’ ಅಂತ ಯಾರೂ ಹೇಳಬೇಕಾಗಿಲ್ಲ.

ಹತ್ತಿರದಿಂದ ಒಂದು ಚಟುವಟಿಕೆ ನೋಡೋಣ. ಒಂದು ಅಗಲವಾದ ಲೋಟ, ಒಂದು ಎತ್ತರದ ಲೋಟ, ಸ್ವಲ್ಪ ನೀರು. ಮಗು ಅಗಲದ ಲೋಟದಿಂದ ಎತ್ತರದ ಲೋಟಕ್ಕೆ ನೀರು ಸುರಿಯುತ್ತದೆ. ನಾಲಿಗೆ ತುಟಿಯಂಚಿಗೆ ಬಂದಿರುತ್ತದೆ, ಎರಡೂ ಕೈ ಬಿಗಿ. ಅರ್ಧ ನೀರು ಹೊರಗೆ ಚೆಲ್ಲುತ್ತದೆ. ಎರಡನೇ ಸಲ ಲೋಟವನ್ನು ನಿಧಾನವಾಗಿ ಬಾಗಿಸುತ್ತದೆ. ಆಮೇಲೆ ನೋಡಿ ‘ಇದರಲ್ಲಿ ಜಾಸ್ತಿ ನೀರಿದೆ’ ಅನ್ನುತ್ತದೆ. ನೀರು ಅಷ್ಟೇ ಇದೆ, ಮಟ್ಟ ಮಾತ್ರ ಮೇಲೇರಿದೆ. ಆದರೆ ಈ ವಯಸ್ಸಿನ ಮಗುವಿಗೆ ಎತ್ತರ ಅಂದರೆ ಜಾಸ್ತಿ. ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇದನ್ನು ಗುರುತಿಸಿ ವಿವರಿಸಿದರು. ಸಾಮಾನ್ಯವಾಗಿ ಆರೇಳು ವರ್ಷದ ಹೊತ್ತಿಗೆ ಈ ತಿಳಿವಳಿಕೆ ಬದಲಾಗುತ್ತದೆ. ಬಾಯಲ್ಲಿ ಹೇಳಿಕೊಟ್ಟರೆ ಬದಲಾಗುವುದು ಕಷ್ಟ. ಸುರಿದು, ಚೆಲ್ಲಿ, ಮತ್ತೆ ಸುರಿದು ನೋಡುತ್ತಾ ಮಗು ತಾನೇ ಕಂಡುಕೊಳ್ಳುತ್ತದೆ.

ಐದು ನಿಮಿಷದಲ್ಲಿ ಎಷ್ಟೆಲ್ಲ ನಡೆಯಿತು ನೋಡಿ. ಬೆರಳು ಮತ್ತು ಮಣಿಕಟ್ಟಿಗೆ ಕೆಲಸ ಸಿಕ್ಕಿತು. ಕಣ್ಣು, ಕೈ ಒಟ್ಟಿಗೆ ದುಡಿದವು. ಅಳತೆಯ ಬಗ್ಗೆ ಒಂದು ಊಹೆ ಹುಟ್ಟಿತು. ಒದ್ದೆ, ಭಾರ, ಜಾಸ್ತಿ, ಖಾಲಿ ಎಂಬ ಮಾತುಗಳಿಗೆ ಅನುಭವದ ಅರ್ಥ ಬಂತು. ಇದೇ ಆಟವನ್ನು ಟ್ಯಾಬ್ ಮೇಲೆ ಆಡಿಸಿದರೆ ನೀರಿಗೆ ಭಾರ ಇರುವುದಿಲ್ಲ, ಬಟ್ಟೆ ಒದ್ದೆಯಾಗುವುದಿಲ್ಲ, ಬೆರಳು ಮಾಡುವ ಕೆಲಸ ಒಂದೇ: ಮುಟ್ಟುವುದು. ಕೈಯಿಂದ ಮಾಡಬಹುದಾದ್ದನ್ನು ಪರದೆಗೆ ಏರಿಸಿದರೆ ಮಗುವಿಗೆ ನಷ್ಟವೇ.

ವಿಡಿಯೊ ನೋಡಿ ಯಾಕೆ ಕಡಿಮೆ ಕಲಿಯುತ್ತಾರೆ?

ವಿಡಿಯೊ ಹಾಕಿದರೆ ಮಕ್ಕಳು ಸುಮ್ಮನೆ ಕೂರುತ್ತಾರೆ. ಅದನ್ನು ಗಮನ ಅಂದುಕೊಳ್ಳುವುದು ಸುಲಭ. ಕಣ್ಣು ಪರದೆಯ ಮೇಲಿದೆ ಅಂದಮಾತ್ರಕ್ಕೆ ತಲೆ ಕೆಲಸ ಮಾಡುತ್ತಿದೆ ಅಂತೇನಿಲ್ಲ.

ಇದನ್ನು ಚೆನ್ನಾಗಿ ತೋರಿಸಿದ ಒಂದು ಪ್ರಯೋಗ 2003ರದ್ದು. ಸಂಶೋಧಕಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಅಮೆರಿಕದ ಒಂಬತ್ತು ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಒಂದು ಗುಂಪಿನ ಎದುರು ಆ ಭಾಷೆಯವರು ಬಂದು ಕೂತು, ಆಟಿಕೆ ಹಿಡಿದು, ಪುಸ್ತಕ ತೋರಿಸಿ ಮಾತಾಡಿದರು. ಇನ್ನೊಂದು ಗುಂಪಿಗೆ ಅದೇ ಮಾತನ್ನು ವಿಡಿಯೊದಲ್ಲಿ ತೋರಿಸಿದರು. ಎದುರಿಗೆ ಕೂತು ಮಾತಾಡಿದಾಗ ಕೂಸುಗಳು ಆ ಭಾಷೆಯ ಧ್ವನಿಗಳ ವ್ಯತ್ಯಾಸ ಹಿಡಿದವು. ವಿಡಿಯೊ ನೋಡಿದ ಕೂಸುಗಳು ಹಿಡಿಯಲಿಲ್ಲ. ಮಾತು ಅದೇ, ಧ್ವನಿ ಅದೇ. ಇಲ್ಲದ್ದು ಎದುರಿಗಿನ ಮನುಷ್ಯ.

ಹಾಗಾದರೆ ಪರದೆಯೇ ತೊಂದರೆಯಾ? ಅದೂ ಪೂರ್ತಿ ನಿಜ ಅಲ್ಲ. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಎರಡರಿಂದ ಎರಡೂವರೆ ವರ್ಷದ ಮಕ್ಕಳಿಗೆ ಹೊಸ ಕ್ರಿಯಾಪದಗಳನ್ನು ಕಲಿಸಿದರು. ಎದುರಿಗೆ ಕೂತು ಕಲಿಸಿದಾಗ ಕಲಿತರು. ವಿಡಿಯೊ ಕರೆಯಲ್ಲಿ ಕಲಿಸಿದಾಗಲೂ ಕಲಿತರು. ಮೊದಲೇ ರೆಕಾರ್ಡ್ ಮಾಡಿದ ವಿಡಿಯೊದಲ್ಲಿ ಮಾತ್ರ ಕಲಿಯಲಿಲ್ಲ. ಯಾಕೆಂದರೆ ಕರೆಯಲ್ಲಿ ಮಗು ನಕ್ಕರೆ ಆ ಕಡೆಯವರೂ ನಗುತ್ತಾರೆ, ಮಗು ಬೆರಳು ತೋರಿಸಿದರೆ ಆ ಕಡೆಯಿಂದ ಉತ್ತರ ಬರುತ್ತದೆ.

ಚೆಂಡಾಟ ಇದ್ದ ಹಾಗೆ. ಮಗು ಒಂದು ನೋಟ, ಒಂದು ಪ್ರಶ್ನೆ, ಒಂದು ತೊದಲು ಮಾತು ಎಸೆಯುತ್ತದೆ. ದೊಡ್ಡವರು ಹಿಡಿದು ವಾಪಸ್ ಎಸೆಯುತ್ತಾರೆ. ಮಾತು, ಯೋಚನೆ ಎಲ್ಲ ಈ ಎಸೆದಾಟದಲ್ಲೇ ಬೆಳೆಯುವುದು. ರೆಕಾರ್ಡ್ ಆದ ವಿಡಿಯೊ ಬರೀ ಎಸೆಯುತ್ತದೆ, ಹಿಡಿಯುವುದಿಲ್ಲ. ಹಿಡಿಯುವ ಕೆಲಸವನ್ನು ಟೀಚರ್ ಮಾಡಿದರೆ ವಿಡಿಯೊದಿಂದಲೂ ಉಪಯೋಗ ಆಗುತ್ತದೆ. ಎರಡು ನಿಮಿಷ ತೋರಿಸಿ, ನಿಲ್ಲಿಸಿ. ‘ಈಗ ಏನಾಗಬಹುದು?’ ಅಂತ ಕೇಳಿ. ಮಕ್ಕಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಆಮೇಲೆ ಮುಂದಕ್ಕೆ ಬಿಡಿ.

ಎಷ್ಟು ಹೊತ್ತು?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಾರ್ಗಸೂಚಿ ಹೊರಡಿಸಿತು. ಎರಡು ವರ್ಷ ತುಂಬದ ಮಕ್ಕಳಿಗೆ ಕೂತು ನೋಡುವ ಪರದೆ ಬೇಡವೇ ಬೇಡ ಅನ್ನುತ್ತದೆ ಅದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಅದಕ್ಕಿಂತ ಕಡಿಮೆ ಆದಷ್ಟೂ ಒಳ್ಳೆಯದು. ಮೂರು ನಾಲ್ಕು ವರ್ಷದವರು ದಿನಕ್ಕೆ ಕನಿಷ್ಠ 180 ನಿಮಿಷ ಓಡಾಡಬೇಕು, ಅದರಲ್ಲಿ 60 ನಿಮಿಷವಾದರೂ ಮೈ ಬೆವರುವಂಥ ಆಟ ಇರಬೇಕು. ನಿದ್ದೆ 10ರಿಂದ 13 ಗಂಟೆ.

ಇಲ್ಲಿ ಟೀಚರ್‌ಗಳು ಮರೆಯಬಾರದ ಒಂದು ಲೆಕ್ಕ ಇದೆ. ಆ ಒಂದು ಗಂಟೆ ಶಾಲೆಗೆ ಮೀಸಲಾದದ್ದಲ್ಲ. ಇಡೀ ದಿನದ್ದು, ಮನೆಯದ್ದೂ ಸೇರಿ. ಬಹಳ ಮಕ್ಕಳು ಮನೆಯಲ್ಲೇ ಆ ಗಂಟೆ ಮುಗಿಸಿರುತ್ತಾರೆ. ಹಾಗಾಗಿ ತರಗತಿಯಲ್ಲಿ ಹತ್ತು ನಿಮಿಷವೇ ದೊಡ್ಡದು. ಕೆಲವು ದಿನ ಸೊನ್ನೆ ಆದರೂ ಏನೂ ಕೊರತೆ ಆಗುವುದಿಲ್ಲ. ಊಟದ ಹೊತ್ತಿನಲ್ಲಿ ಟಿವಿ, ಮಳೆ ಬಂದಾಗ ಟಿವಿ, ಟೀಚರ್ ರಿಜಿಸ್ಟರ್ ಬರೆಯುವಾಗ ಟಿವಿ: ತೀರಾ ಸಹಜವಾಗಿ ಬರುವ ಅಭ್ಯಾಸಗಳಿವು. ಒಬ್ಬರೇ ಟೀಚರ್ ಇಪ್ಪತ್ತು ಮೂವತ್ತು ಮಕ್ಕಳನ್ನು ನೋಡಿಕೊಳ್ಳುವಾಗ ಅದರ ಹಿಂದಿನ ಕಷ್ಟ ಅರ್ಥವಾಗುತ್ತದೆ. ಆ ಹೊತ್ತಿಗೆಂದೇ ಒಂದು ಬುಟ್ಟಿ ಸಿದ್ಧ ಇಟ್ಟುಕೊಳ್ಳಿ. ಅದರಲ್ಲಿ ಬಟ್ಟೆ ಗೊಂಬೆ, ಗುಂಡಿ ಪೋಣಿಸುವ ದಾರ, ಹಳೆಯ ಡಬ್ಬಿ ಮುಚ್ಚಳ, ಚಿತ್ರದ ಪುಸ್ತಕ ಇರಲಿ. ಆ ಹತ್ತು ನಿಮಿಷಕ್ಕೆ ಮಾತ್ರ ಅದು ಹೊರಗೆ ಬಂದರೆ ಅದರ ಹೊಸತನ ಹೋಗುವುದಿಲ್ಲ.

ಬೀಜ, ಗಾಜಿನ ಲೋಟ, ಒಂದು ಕ್ಯಾಮೆರಾ

ಹಾಗಾದರೆ ತಂತ್ರಜ್ಞಾನ ಯಾವುದಕ್ಕೆ ಬೇಕು? ಕಣ್ಣಿಗೆ ಕಾಣದ್ದನ್ನು ಕಾಣಿಸುವುದಕ್ಕೆ, ಕಳೆದುಹೋಗುವುದನ್ನು ಹಿಡಿದಿಡುವುದಕ್ಕೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ. ಟಾರ್ಚ್, ಭೂತಗನ್ನಡಿ, ತಕ್ಕಡಿ ಕೂಡ ತಂತ್ರಜ್ಞಾನವೇ ಅನ್ನುವುದು ನೆನಪಿರಲಿ.

ಬೀಜ ಮೊಳೆಯುವುದನ್ನೇ ತೆಗೆದುಕೊಳ್ಳಿ. ಗಾಜಿನ ಲೋಟದೊಳಗೆ ಒದ್ದೆ ಹತ್ತಿ ಇಟ್ಟು, ಹತ್ತಿಗೂ ಗಾಜಿಗೂ ನಡುವೆ ಒಂದು ದಪ್ಪ ಬೀಜ ಸಿಕ್ಕಿಸಿ. ಬೇರು ಬರುವುದು ಹೊರಗಿನಿಂದಲೇ ಕಾಣಬೇಕು. ನೀರು ಚಿಮುಕಿಸುವುದು ಮಕ್ಕಳ ಕೆಲಸ. ಮೊದಲ ದಿನ ಬೀಜವನ್ನು ಮುಟ್ಟಿ ನೋಡುತ್ತಾರೆ: ಗಟ್ಟಿ. ಮರುದಿನ ಅದು ಉಬ್ಬಿದೆ, ಸಿಪ್ಪೆ ಸುಕ್ಕುಗಟ್ಟಿದೆ. ಆಮೇಲೆ ಒಂದು ಬಿಳಿ ಬಾಲ ಹೊರಗೆ ಬರುತ್ತದೆ. ಅದು ಬೇರು. ಎಲೆಗಿಂತ ಮೊದಲು ಬೇರು ಬರುತ್ತದೆ ಅನ್ನುವುದು ಎಷ್ಟೋ ದೊಡ್ಡವರೂ ಗಮನಿಸದ ಸಂಗತಿ.

ತೊಡಕು ಏನೆಂದರೆ, ಗಿಡ ನಿಧಾನ, ಮಗುವಿನ ನೆನಪು ಚಿಕ್ಕದು. ನಾಲ್ಕನೇ ದಿನ ನೋಡುವಾಗ ಮೊದಲ ದಿನ ಹೇಗಿತ್ತು ಅನ್ನುವುದು ಮರೆತಿರುತ್ತದೆ. ಕ್ಯಾಮೆರಾ ಬೇಕಾಗುವುದು ಇಲ್ಲೇ. ಲೋಟ ಇಡುವ ಜಾಗಕ್ಕೂ ಟ್ಯಾಬ್ ಹಿಡಿಯುವ ಜಾಗಕ್ಕೂ ಬಣ್ಣದ ಟೇಪ್ ಅಂಟಿಸಿ. ದಿನಾ ಬೆಳಿಗ್ಗೆ ಒಬ್ಬ ಮಗು ಅದೇ ಜಾಗದಿಂದ ಒಂದೇ ಒಂದು ಫೋಟೊ ತೆಗೆಯಲಿ. ಫೋಟೊ ಆದ ಮೇಲೆ ಎಲ್ಲರೂ ಕಾಗದದಲ್ಲಿ ಚಿತ್ರ ಬಿಡಿಸಲಿ, ಏಕೆಂದರೆ ಬಿಡಿಸುವಾಗ ನೋಡುವಷ್ಟು ಸರಿಯಾಗಿ ಫೋಟೊ ತೆಗೆಯುವಾಗ ಯಾರೂ ನೋಡುವುದಿಲ್ಲ.

ಎಂಟು ಹತ್ತು ದಿನ ಕಳೆದ ಮೇಲೆ ಎಲ್ಲ ಫೋಟೊಗಳನ್ನು ಒಂದಾದ ಮೇಲೆ ಒಂದರಂತೆ ಬೆರಳಿಂದ ಸರಿಸಿ. ಗಿಡ ಕಣ್ಣೆದುರೇ ಎದ್ದು ನಿಲ್ಲುತ್ತದೆ. ಈಗ ಹಿಂದಕ್ಕೆ ಸರಿಸಿ. ಗಿಡ ಕುಗ್ಗಿ ಕುಗ್ಗಿ ಬೀಜದೊಳಗೆ ಹೋಗುತ್ತದೆ. ‘ನಿಜವಾದ ಗಿಡ ಹೀಗೆ ಒಳಗೆ ಹೋಗುತ್ತಾ?’ ಅಂತ ಕೇಳಿ. ಕೆಲವರು ಹೌದು ಅನ್ನುತ್ತಾರೆ, ಕೆಲವರು ನಗುತ್ತಾರೆ, ಒಬ್ಬರಾದರೂ ಎದ್ದು ಹೋಗಿ ಲೋಟದಲ್ಲಿರುವ ಗಿಡವನ್ನೇ ನೋಡಿ ಬರಬಹುದು. ಪರದೆಯಲ್ಲಿ ಕಂಡದ್ದು ಮಗುವನ್ನು ಮತ್ತೆ ನಿಜವಾದ ಗಿಡದ ಹತ್ತಿರ ಕಳಿಸಿದರೆ ಆ ಟ್ಯಾಬ್ ತನ್ನ ಕೆಲಸ ಮಾಡಿತು ಅಂತ ಅರ್ಥ.

ಇನ್ನೂ ಮುಂದೆ ಹೋಗಬೇಕೆಂದರೆ, ಮೊಳಕೆ ಮೇಲೆದ್ದ ಲೋಟವನ್ನು ಅಡ್ಡ ಮಲಗಿಸಿ ಇಡಿ. ಒಂದೆರಡು ದಿನದಲ್ಲಿ ಕಾಂಡ ಬಾಗಿ ಮತ್ತೆ ಮೇಲಕ್ಕೆ ತಿರುಗುತ್ತದೆ, ಬೇರು ಕೆಳಕ್ಕೆ. ಯಾಕೆ ಅನ್ನುವುದನ್ನು ಆಗಲೇ ಹೇಳಿಬಿಡಬೇಡಿ. ‘ಅದಕ್ಕೆ ಮೇಲೆ ಯಾವುದು, ಕೆಳಗೆ ಯಾವುದು ಅಂತ ಹೇಗೆ ಗೊತ್ತಾಯ್ತು?’ ಅನ್ನುವ ಪ್ರಶ್ನೆಯೊಂದಿಗೆ ಅವರು ನಾಲ್ಕು ದಿನ ಇರಲಿ.

ತನ್ನ ಧ್ವನಿಯನ್ನೇ ಕೇಳಿಸಿಕೊಳ್ಳುವ ಮಗು

ರೆಕಾರ್ಡರ್ ಪ್ರತಿ ಮೊಬೈಲ್‌ನಲ್ಲೂ ಇರುತ್ತದೆ, ಬಳಸುವವರು ಮಾತ್ರ ಕಡಿಮೆ. ಪುಟ್ಟ ಮಕ್ಕಳಿಗೆ ಬರೆಯಲು ಬರುವುದಿಲ್ಲ, ಆದರೆ ಕಥೆ ಹೇಳಲು ಬರುತ್ತದೆ. ಮಗು ತಾನು ಬಿಡಿಸಿದ ಚಿತ್ರ ತೋರಿಸುತ್ತಾ ಹೇಳುವ ಕಥೆಯನ್ನು ರೆಕಾರ್ಡ್ ಮಾಡಿ. ಆಮೇಲೆ ಅದೇ ಮಾತುಗಳನ್ನು ಮಗುವಿನ ಎದುರೇ, ಒಂದಕ್ಷರ ತಿದ್ದದೆ, ಚಿತ್ರದ ಕೆಳಗೆ ಬರೆಯಿರಿ. ಬೆರಳಿಟ್ಟು ಓದಿ ಹೇಳಿ. ಬರಹ ಅಂದರೆ ಹಿಡಿದಿಟ್ಟ ಮಾತು ಅನ್ನುವುದು ಮಗುವಿಗೆ ಆಗ ಹೊಳೆಯುತ್ತದೆ.

ಗುಂಪಿನಲ್ಲಿ ಬಾಯಿ ಬಿಡದ ಮಕ್ಕಳಿಗೆ ಇದು ತುಂಬಾ ಸಹಾಯ. ಮೂವತ್ತು ಜನರ ಎದುರು ಎದ್ದು ನಿಂತು ಮಾತಾಡಲಾರದ ಮಗು ಮೂಲೆಯಲ್ಲಿ ಕೂತು ರೆಕಾರ್ಡರ್‌ಗೆ ಪಿಸುಗುಟ್ಟಬಹುದು. ಮನೆಯಲ್ಲಿ ಬೇರೆ ಭಾಷೆ ಆಡುವ ಮಗುವಿನ ಅಜ್ಜಿಯ ಧ್ವನಿಯಲ್ಲಿ ಒಂದು ಜೋಗುಳ ರೆಕಾರ್ಡ್ ಆಗಿ ಬಂದರೆ ಆ ಭಾಷೆಗೂ ತರಗತಿಯಲ್ಲಿ ಜಾಗ ಸಿಗುತ್ತದೆ. ಇಲ್ಲಿ ಪರದೆಯೇ ಇಲ್ಲ ನೋಡಿ, ಬರೀ ಧ್ವನಿ. ಹೊರಗೆ ಹೋಗಿ ಹಕ್ಕಿ, ಗಾಳಿ, ನಲ್ಲಿಯ ಸದ್ದು ಹಿಡಿದು ತಂದು ‘ಇದು ಯಾವುದರ ಸದ್ದು?’ ಅಂತ ಆಡುವ ಆಟವೂ ಹೀಗೆಯೇ. ಧ್ವನಿಗಳನ್ನು ಬೇರ್ಪಡಿಸಿ ಕೇಳುವ ಈ ಅಭ್ಯಾಸ ಮುಂದೆ ಪದದೊಳಗಿನ ಅಕ್ಷರದ ಸದ್ದು ಗುರುತಿಸಲು ದಾರಿ ಮಾಡುತ್ತದೆ.

ಅಕ್ಷರ ತಿದ್ದುವ ಆ್ಯಪ್ ಸಾಕಾ?

ಸಾಲದು. 2012ರಲ್ಲಿ ಕರಿನ್ ಜೇಮ್ಸ್ ಮತ್ತು ಲಾರಾ ಎಂಗೆಲ್‌ಹಾರ್ಟ್ ಎಂಬ ಸಂಶೋಧಕರು ಇನ್ನೂ ಓದಲು ಬಾರದ, ಐದು ವರ್ಷದ ಮಕ್ಕಳ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಮಕ್ಕಳು ಕೆಲವು ಅಕ್ಷರಗಳನ್ನು ತಾವೇ ಬರೆದಿದ್ದರು, ಕೆಲವನ್ನು ಟೈಪ್ ಮಾಡಿದ್ದರು, ಕೆಲವನ್ನು ಚುಕ್ಕೆಗಳ ಮೇಲೆ ತಿದ್ದಿದ್ದರು. ಆಮೇಲೆ ಆ ಅಕ್ಷರಗಳನ್ನು ತೋರಿಸಿದಾಗ, ಓದುವಾಗ ದುಡಿಯುವ ಮಿದುಳಿನ ಭಾಗಗಳು ಎಚ್ಚೆತ್ತದ್ದು ಸ್ವಂತವಾಗಿ ಬರೆದ ಅಕ್ಷರಗಳಿಗೆ. ಸೊಟ್ಟಗೆ ಬರೆದರೂ ಸರಿ, ಸ್ವಂತ ಬರವಣಿಗೆ ಬೇರೆಯದೇ ಕೆಲಸ ಮಾಡುತ್ತದೆ. ಹಾಗಂತ ಮೂರು ವರ್ಷಕ್ಕೇ ಪೆನ್ಸಿಲ್ ಹಿಡಿಸಿ ಅಂತ ಅರ್ಥ ಅಲ್ಲ. ಬೆರಳಿಗೆ ಮೊದಲು ಶಕ್ತಿ ಬರಬೇಕು. ಜೇಡಿಮಣ್ಣು ನಾದುವುದು, ಕಾಗದ ಹರಿಯುವುದು, ಬಟ್ಟೆ ಹಿಂಡುವುದು, ಮರಳಿನಲ್ಲಿ ಗೀಚುವುದು ಎಲ್ಲವೂ ಬರವಣಿಗೆಯ ತಯಾರಿಯೇ.

ಆ್ಯಪ್ ಆರಿಸುವಾಗ

ಯಾವ ಆ್ಯಪ್ ಆದರೂ ‘ಶೈಕ್ಷಣಿಕ’ ಅಂತ ಹಣೆಪಟ್ಟಿ ಕಟ್ಟಿಕೊಳ್ಳಬಹುದು. ಮಕ್ಕಳಿಗೆ ಕೊಡುವ ಮೊದಲು ನೀವೇ ಕೂತು ಒಂದು ಸಲ ಕೊನೆಯವರೆಗೆ ಆಡಿ ನೋಡಿ. ಬೇಕಂತಲೇ ತಪ್ಪು ಉತ್ತರ ಒತ್ತಿ. ಏನಾಗುತ್ತದೆ? ತಪ್ಪಿದಾಗ ಬರುವ ತಮಾಷೆಯ ಸದ್ದೇ ಚೆಂದ ಇದ್ದರೆ ಮಕ್ಕಳು ಅದಕ್ಕಾಗಿಯೇ ತಪ್ಪು ಒತ್ತುತ್ತಾರೆ. ಪ್ರತಿ ಒತ್ತಿಗೂ ನಕ್ಷತ್ರ, ಚಪ್ಪಾಳೆ ಬಂದರೆ ಗಮನ ನಕ್ಷತ್ರದ ಮೇಲೆ, ಲೆಕ್ಕದ ಮೇಲಲ್ಲ. ನಡುವೆ ಜಾಹೀರಾತು ಬಂದರೆ, ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾದರೆ, ಅದನ್ನು ಅಲ್ಲಿಗೇ ಬಿಡಿ.

ಇನ್ನೊಂದು ಪ್ರಶ್ನೆ ನನಗೆ ಹೆಚ್ಚು ಮುಖ್ಯ ಅನಿಸುತ್ತದೆ. ಆಟ ಮುಗಿದಾಗ ಎಲ್ಲ ಮಕ್ಕಳ ಪರದೆಯೂ ಒಂದೇ ಥರ ಇರುತ್ತದಾ, ಬೇರೆ ಬೇರೆ ಇರುತ್ತದಾ? ಬಣ್ಣ ತುಂಬುವ ಆ್ಯಪ್‌ನಲ್ಲಿ ಎಲ್ಲರದ್ದೂ ಒಂದೇ ಆನೆ. ಖಾಲಿ ಹಾಳೆ ಕೊಡುವ ಆ್ಯಪ್‌ನಲ್ಲಿ ಒಬ್ಬೊಬ್ಬರದ್ದು ಒಂದೊಂದು ಪ್ರಾಣಿ. ಎರಡನೆಯದರಲ್ಲೇ ಮಗು ಯೋಚಿಸಿದ್ದು ಜಾಸ್ತಿ.

ತಲೆಗೊಂದು ಟ್ಯಾಬ್ ಇದ್ದರೆ ಒಳ್ಳೆಯದು ಅಂದುಕೊಳ್ಳುತ್ತೇವೆ. ಈ ವಯಸ್ಸಿನಲ್ಲಿ ಇಬ್ಬರಿಗೆ, ಮೂವರಿಗೆ ಒಂದು ಇದ್ದರೆ ಇನ್ನೂ ಒಳ್ಳೆಯದು. ಆಗ ಮಾತು ಹುಟ್ಟುತ್ತದೆ, ಸರದಿ ಕಾಯುವುದು ಬರುತ್ತದೆ, ‘ಅಲ್ಲ, ಈ ಕಡೆ ಒತ್ತು’ ಅನ್ನುವ ಜಗಳವೂ ಬರುತ್ತದೆ. ಆ ಜಗಳ ಬಿಡಿಸಿಕೊಳ್ಳುವುದೂ ಕಲಿಕೆಯೇ ಅಲ್ವಾ?

ಕೋಡಿಂಗ್ ಕಲಿಸಬೇಕಂತೆ, ಹೌದಾ?

ಕೋಡಿಂಗ್ ಅಂದರೆ ಯಂತ್ರಕ್ಕೆ ಒಂದೊಂದೇ ಹೆಜ್ಜೆಯಾಗಿ, ಸರಿಯಾದ ಕ್ರಮದಲ್ಲಿ ಹೇಳುವುದು. 1967ರಲ್ಲಿ ಸೆಮೂರ್ ಪೇಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ ‘ಲೋಗೊ’ ಎಂಬ ಕಂಪ್ಯೂಟರ್ ಭಾಷೆ ಮಾಡಿದರು. ಮುಂದೆ ಅದರಿಂದ ನೆಲದ ಮೇಲೆ ಓಡಾಡುವ ಆಮೆಯಂಥ ರೋಬಟ್ ನಡೆಸಿದರು. 2014ರಲ್ಲಿ ಬಂದ ‘ಸ್ಕ್ರ್ಯಾಚ್ ಜೂನಿಯರ್’ ಎಂಬ ಕೋಡಿಂಗ್ ಆ್ಯಪ್ ಐದರಿಂದ ಏಳು ವರ್ಷದವರಿಗೆ. ಅದಕ್ಕಿಂತ ಚಿಕ್ಕವರಿಗೆ ಯಂತ್ರವೇ ಬೇಡ. ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಗಳನ್ನು ಬರೆಯಿರಿ. ಒಂದು ಮಗು ರೋಬಟ್. ಉಳಿದವರು ‘ಎರಡು ಹೆಜ್ಜೆ ಮುಂದೆ, ಬಲಕ್ಕೆ ತಿರುಗು’ ಅಂತ ಹೇಳಿ ಗೊಂಬೆಯ ಹತ್ತಿರ ಮುಟ್ಟಿಸಬೇಕು. ದಾರಿ ತಪ್ಪಿದರೆ ಎಲ್ಲಿ ತಪ್ಪಿತು ಅಂತ ಹಿಂದೆ ಹೋಗಿ ನೋಡಬೇಕು. ಕೋಡಿಂಗ್‌ನ ತಿರುಳು ಇಷ್ಟೇ, ಮೈಗೂ ಓಡಾಟ ಸಿಕ್ಕಿತು.

ಮಕ್ಕಳ ಫೋಟೊ ಯಾರದ್ದು?

ಕಲಿಕೆಯನ್ನು ದಾಖಲಿಸಲು ಕ್ಯಾಮೆರಾ ಒಳ್ಳೆಯ ಸಾಧನ. ಇಟಲಿಯ ರೆಜಿಯೊ ಎಮಿಲಿಯಾ ನಗರದ ಶಿಶುಶಾಲೆಗಳು ಇದಕ್ಕೆ ಹೆಸರಾಗಿವೆ. ಮಕ್ಕಳು ಕೆಲಸ ಮಾಡುವ ಫೋಟೊ, ಅವರಾಡಿದ ಮಾತು, ಅವರ ಚಿತ್ರ ಎಲ್ಲವನ್ನೂ ಗೋಡೆಗೆ ಹಾಕಿ, ಅದರ ಬಗ್ಗೆ ಮಕ್ಕಳ ಜೊತೆಗೇ ಮಾತಾಡುತ್ತಾರೆ. ‘ನಿನ್ನೆ ನಿನ್ನ ಗೋಪುರ ಬಿತ್ತಲ್ಲ, ಇವತ್ತು ಹೇಗೆ ನಿಲ್ಲಿಸಿದೆ?’ ಅಂತ ಫೋಟೊ ಹಿಡಿದು ಕೇಳಿದರೆ ಮಗು ತನ್ನ ಯೋಚನೆಯನ್ನೇ ತಿರುಗಿ ನೋಡುತ್ತದೆ.

ಆದರೆ ಆ ಫೋಟೊ ಗೋಡೆಯಿಂದ ಗ್ರೂಪಿಗೆ, ಗ್ರೂಪಿನಿಂದ ಊರಿಗೆ ಹೋಗುವುದು ಒಂದು ಕ್ಷಣದ ಕೆಲಸ. ಮನೆಯವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದಿರಿ. ಹೆಸರು, ಶಾಲೆ, ಮುಖ ಮೂರೂ ಒಂದೇ ಫೋಟೊದಲ್ಲಿ ಬರದಂತೆ ನೋಡಿಕೊಳ್ಳಿ. ಸಾಧ್ಯವಾದರೆ ಮುಖದ ಬದಲು ಕೈಯ ಫೋಟೊ ತೆಗೆಯಿರಿ, ಕೆಲಸ ಕಾಣುವುದು ಅಲ್ಲೇ. ಮಕ್ಕಳ ಫೋಟೊ ಟೀಚರ್ ಸ್ವಂತ ಮೊಬೈಲ್‌ನಲ್ಲಿ ಉಳಿಯುವುದು ಬೇಡ. ಮಗುವನ್ನೂ ಕೇಳಿ: ‘ಫೋಟೊ ತೆಗೆಯಲಾ?’ ನಾಲ್ಕು ವರ್ಷದವರಿಗೂ ‘ಬೇಡ’ ಅನ್ನುವ ಹಕ್ಕಿದೆ.

ಪರದೆ ಆರಿಸುವಾಗ ಅಳು ಬಂದರೆ

ಟೀಚರ್‌ಗಳನ್ನು ದಣಿಸುವುದು ಈ ಘಳಿಗೆ. ಥಟ್ಟನೆ ಆರಿಸಿದರೆ ಅಳು ಸಹಜ, ದೊಡ್ಡವರಿಗೂ ಸಿಟ್ಟು ಬರುತ್ತದೆ. ‘ಐದು ನಿಮಿಷ’ ಅಂದರೆ ಈ ಮಕ್ಕಳಿಗೆ ಅರ್ಥವಾಗುವುದಿಲ್ಲ, ಕಣ್ಣಿಗೆ ಕಾಣುವ ಅಳತೆ ಬೇಕು. ಮರಳು ಗಡಿಯಾರ ಇಡಿ, ಇಲ್ಲವೇ ‘ಇನ್ನು ಎರಡು ಚಿತ್ರ’ ಅನ್ನಿ. ಆರಿಸುವ ಗುಂಡಿಯನ್ನು ಮಗುವೇ ಒತ್ತಲಿ. ಮುಂದಿನ ಕೆಲಸ ಮೊದಲೇ ಸಿದ್ಧವಾಗಿ ಕಣ್ಣೆದುರು ಇರಲಿ. ಬಸವನಹುಳುವಿನ ವಿಡಿಯೊ ನೋಡಿದರೋ, ಪಕ್ಕದಲ್ಲೇ ಜೇಡಿಮಣ್ಣು ನಾದಿ ಇಟ್ಟಿರಬೇಕು. ಪರದೆ ಆರುವ ಹೊತ್ತಿಗೆ ‘ಅದರ ಚಿಪ್ಪು ಯಾವ ಕಡೆಗೆ ಸುತ್ತಿತ್ತು?’ ಅಂತ ಕೇಳಿ, ಒಂದು ಉಂಡೆ ಮಣ್ಣು ಕೈಗಿಡಿ.